ನಾನು ಓಡಿಸಿದರೆ ಮಾತ್ರ ನಿಲ್ಲುತ್ತಿದ್ದ ಕಾರು

ಐವತ್ತು ದಾಟಿದ ಮೇಲೆ ಕಾರು ಓಡಿಸೋದು ಕಲಿತವಳು ನಾನು. ಸುಮ್ಮನೆ ಕಲಿಯಲಿಲ್ಲ, ಮನೆಯಲ್ಲಿ ಜಗಳ ಆಡಿ ಕಲಿತೆ. ನನ್ನ ಕಸುಬು ಹೊಲಿಗೆ. ಶ್ರೀರಾಂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಊರಿನ ಆ ಕಡೆ, ಯಾದವಗಿರಿಯಲ್ಲಿ, "ಮನೆಗೇ ಬಂದು ಅಳತೆ ತಗೊಳಿ" ಅನ್ನೋ ವಯಸ್ಸಾದ ಹೆಂಗಸರು ಕೆಲವರಿದ್ದಾರೆ. ಬಸ್ಸಲ್ಲಿ ಹೋದರೆ ಬಸ್ಸು ಬದಲಾಯಿಸಬೇಕು, ಇಸ್ತ್ರಿ ಹಾಕಿದ ರವಿಕೆಗಳು ಮುದ್ದೆಯಾಗುತ್ತಿದ್ದವು, ಇಳಿಯೋ ಹೊತ್ತಿಗೆ ನಾನೂ ಮುದ್ದೆಯಾಗಿರುತ್ತಿದ್ದೆ. ಇತ್ತ ಮನೆ ಮುಂದೆ ಕಾರು ವಾರವಿಡೀ ಬಿಸಿಲು ಕಾಯಿಸಿಕೊಂಡು ನಿಂತಿರುತ್ತಿತ್ತು. ನನ್ನ ಗಂಡ ಆಫೀಸಿಗೆ ಸ್ಕೂಟರಲ್ಲಿ ಹೋಗುವವರು, ಕಾರು ತೆಗೆಯುತ್ತಿದ್ದದ್ದು ಭಾನುವಾರ ಮಾತ್ರ. ಮಿಕ್ಕ ದಿನ ನಾನು ಓಡಿಸಿದರೆ ಏನು ಅಂತ ಕೇಳಿದೆ, ಕೇಳಿದ್ದೇ ತಪ್ಪಾಯ್ತು.

"ಹಳೇ ಗಾಡಿ ಕಣೇ, ಅದರ ಬುದ್ಧಿ ನನಗೊಬ್ಬನಿಗೇ ಗೊತ್ತು" ಅಂದರು ಇವರು. ನಮ್ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು "ಈ ವಯಸ್ನಲ್ಲಿ ಯಾಕವ್ವ ನಿಂಗೆ ಇದೆಲ್ಲ?" ಅಂದರು. ಅತ್ತೆ ನಂಜನಗೂಡು ಕಡೆಯ ಹಳ್ಳಿಯವರು, ಮಾತು ಕಮ್ಮಿ. ಮಾತು ಕಮ್ಮಿ ಇರೋರು ಒಂದು ಮಾತಾಡಿದರೆ ಅದು ಎದೆಗೆ ನಾಟುತ್ತೆ. ಆಗಲೇ ತೀರ್ಮಾನ ಮಾಡಿದೆ, ಕಲಿತೇ ತೀರುತ್ತೇನೆ ಅಂತ. ಡ್ರೈವಿಂಗ್ ಸ್ಕೂಲಿಗೆ ಸೇರಿದೆ, ಲೈಸೆನ್ಸ್ ತಗೊಂಡೆ, ಕೀ ಕೈಗೆ ಬಂತು.

ಈ ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಈಗಿನ ಕಾರುಗಳ ಹಾಗೆ ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲ, ಕಾರ್ಬ್ಯುರೇಟರ್ ಕಾಲದ್ದು. ಏಸಿ ಇಲ್ಲ. ಹಿಂದಿನ ಎಡಗಡೆ ಪೆಟ್ರೋಲ್ ಹಾಕೋ ಜಾಗಕ್ಕೆ ಒಂದು ಪುಟ್ಟ ತಗಡಿನ ಬಾಗಿಲು ಇರಬೇಕಲ್ಲ, ಅದು ಯಾವತ್ತೋ ಕಿತ್ತುಹೋಗಿ ಒಳಗಿನ ಬೀಗದ ಮುಚ್ಚಳ ಹಾಗೇ ಹೊರಗೆ ಕಾಣುತ್ತೆ. ಆದರೆ ಎಂಜಿನ್ ಗಟ್ಟಿಮುಟ್ಟು. ನನ್ನ ಗಂಡ ಅದನ್ನ ಹೊಗಳಿದಷ್ಟು ನನ್ನ ಅಡುಗೆನ ಯಾವತ್ತೂ ಹೊಗಳಿದವರಲ್ಲ.

ಒಬ್ಬಳೇ ಮೊದಲ ಸಲ ಯಾದವಗಿರಿಗೆ ಹೊರಟ ದಿನವೇ ಅದು ಜೆ.ಎಲ್.ಬಿ. ರಸ್ತೆಯಲ್ಲಿ ನಿಂತುಹೋಯ್ತು. ಮನೆಯಿಂದ ಅಲ್ಲಿವರೆಗೆ ಬೆಣ್ಣೆ ಹಾಗೆ ಬಂದಿದ್ದು, ಎರಡು ಸಲ ಮುಗ್ಗರಿಸಿತು, ಆಕ್ಸಿಲರೇಟರ್ ಒತ್ತಿದರೆ ಇನ್ನೂ ಸೊರಗಿತು, ಆಮೇಲೆ ಸತ್ತೇಹೋಯ್ತು. ಹಿಂದೆ ಹಾರ್ನೋ ಹಾರ್ನು. ಒಬ್ಬ ಆಟೋದವನು ಪಕ್ಕಕ್ಕೆ ಬಂದು "ಕ್ಲಚ್ ಮೆತ್ತಗೆ ಬಿಡ್ಬೇಕು ಕಣಮ್ಮ" ಅಂತ ಪಾಠ ಹೇಳಿ ಹೋದ. ನನ್ನ ಮೈಯೆಲ್ಲ ಉರಿದುಹೋಯ್ತು. ಕೀ ತಿರುಗಿಸಿದರೆ ಕರ್ರ್ ಕರ್ರ್ ಅನ್ನುತ್ತೆ, ಹತ್ತಿಕೊಳ್ಳೋದಿಲ್ಲ. ಗಂಡನಿಗೆ ಫೋನ್ ಮಾಡಿದೆ. ಅವರು ಆಫೀಸಿನಿಂದ ಬಂದು, ನನ್ನ ಇಳಿಸಿ, ಸೀಟು ಹಿಂದಕ್ಕೆ ಸರಿಸಿ, ಕೀ ತಿರುಗಿಸಿದರು. ಗಾಡಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು ಕಣ್ರೀ! ಅವರು ಸುಮ್ಮನೆ ನಕ್ಕರು. ಬೈದಿದ್ದರೂ ಆಗ್ತಿತ್ತು.

ಆಮೇಲೆ ಇದೇ ಕಥೆ. ನಾನು ಒಬ್ಬಳೇ ಹೋದರೆ ಅಗ್ರಹಾರ ದಾಟಿದ ಮೇಲೆ ಎಲ್ಲಾದರೂ ಒಂದು ಕಡೆ ನಿಲ್ಲುತ್ತೆ. ಭಾನುವಾರ ಇವರು ಓಡಿಸಿದರೆ ನಂಜನಗೂಡಿಗೆ ಹೋಗಿ ಬಂದರೂ ನಿಲ್ಲಲ್ಲ. ದಟ್ಟಗಳ್ಳಿಯಲ್ಲಿ ನಮಗೆ ಗೊತ್ತಿರೋ ಒಬ್ಬ ಮೆಕ್ಯಾನಿಕ್ ಇದ್ದಾರೆ. ಅವರು ಮೊದಲು ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡಿದರು, ಪ್ಲಗ್ ಬದಲಾಯಿಸಿದರು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು, ರಿಂಗ್ ರಸ್ತೆಯಲ್ಲಿ ದೊಡ್ಡದೊಂದು ಸುತ್ತು ಹೊಡೆದುಕೊಂಡು ಬಂದರು. ಒಂದು ಸಲವೂ ನಿಲ್ಲಲಿಲ್ಲ. "ಗಾಡೀಲಿ ಏನೂ ಇಲ್ಲ ಸಾರ್" ಅಂತ ನನ್ನ ಮುಖ ನೋಡದೆ ಇವರಿಗೆ ಹೇಳಿದರು. ಗಾಡೀಲಿ ಏನೂ ಇಲ್ಲ ಅಂದರೆ ಇನ್ನೆಲ್ಲಿದೆ? ನನ್ನ ಎಡಗಾಲಲ್ಲಿ. ಅವರು ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಇವರು ಅಂದರು, "ನೋಡು, ಇನ್ನೊಂದು ಸಲ ನಡುರಸ್ತೇಲಿ ನಿಂತ್ರೆ ಕೊಟ್ಬಿಡ್ತೀನಿ. ತಗೊಳ್ಳೋರು ರೆಡಿ ಇದ್ದಾರೆ. ಹಿಂದಿನಿಂದ ಬಸ್ಸು ಗಿಸ್ಸು ಗುದ್ದಿದ್ರೆ ಏನು ಗತಿ?" ಅವರ ಭಯವೂ ಸುಳ್ಳಲ್ಲ. ಆದರೆ ಈ ಕಾರು ಹೋದರೆ ನನ್ನ ಡ್ರೈವಿಂಗೂ ಅದರ ಜೊತೆಗೇ ಹೋಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೊಸ ಕಾರು ಬಂದರೆ ಅದರ ಕೀ ನನ್ನ ಕೈಗೆ ಬರೋದು ಅಷ್ಟರಲ್ಲೇ ಇದೆ. ಸ್ಟೀರಿಂಗ್ ಹಿಡಿದು, ಕಿಟಕಿ ಇಳಿಸಿ, ಯಾರನ್ನೂ ಕೇಳದೆ ನಾನೇ ತಿರುವು ತಗೊಳ್ಳೋ ಆ ಸುಖ ನನಗೆ ಜೀವಮಾನದಲ್ಲಿ ಮೊದಲ ಸಲ ಸಿಕ್ಕಿತ್ತು. ಅದನ್ನ ಬಿಟ್ಟುಕೊಡೋಕೆ ನಾನು ತಯಾರಿರಲಿಲ್ಲ.

ಜೊತೆಗೆ ಒಂದು ಕುತೂಹಲವೂ ಹತ್ತಿಕೊಂಡಿತ್ತು. ಕಾಲಿನ ತಪ್ಪಾದರೆ ಗಾಡಿ ಒಂದೇ ಸಲ ಜಗ್ಗಿ ನಿಲ್ಲುತ್ತೆ. ಕಲಿಯೋವಾಗ ಹಾಗೆ ಬೇಕಾದಷ್ಟು ಸಲ ನಿಲ್ಲಿಸಿದ್ದೀನಿ, ನನಗೆ ಗೊತ್ತಿಲ್ಲವೇ? ಇದು ಹಾಗಲ್ಲ. ಇದು ಹೊಟ್ಟೆಗಿಲ್ಲದವರ ಥರ ನಿಧಾನಕ್ಕೆ ಸೋತು ನಿಲ್ಲುತ್ತೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತಾನೇ ಹತ್ತಿಕೊಳ್ಳುತ್ತೆ. ಇವರು ಆಫೀಸಿನಿಂದ ಬರೋ ಹೊತ್ತಿಗೆ ಆ ಸ್ವಲ್ಪ ಹೊತ್ತು ಕಳೆದಿರುತ್ತಿತ್ತು, ಯಶಸ್ಸು ಅವರದಾಗುತ್ತಿತ್ತು! ಇದು ಹೊಳೆದ ಮೇಲೆ ನಾನು ಫೋನ್ ಮಾಡೋದನ್ನೇ ಬಿಟ್ಟೆ. ನಿಂತರೆ ಪಕ್ಕಕ್ಕೆ ತಳ್ಳಿಸಿಕೊಂಡು, ಬಾಟಲಿ ನೀರು ಕುಡಿದು, ಕಾದು, ಮತ್ತೆ ಹೊರಡುತ್ತಿದ್ದೆ. ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಮಷೀನು ಹೊಲಿಗೆ ಬಿಡೋಕೆ ಶುರು ಮಾಡಿದರೆ ನಾವು ಹೊಲಿಗೆಯವರು ಏನು ಮಾಡ್ತೀವಿ? ಮೊದಲು ಸೂಜಿ ಬದಲಾಯಿಸಿ ನೋಡ್ತೀವಿ, ಆಮೇಲೆ ದಾರ, ಆಮೇಲೆ ಬಟ್ಟೆ. ಒಂದೊಂದೇ. ಎರಡನ್ನ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಕಾರಿಗೂ ಇದನ್ನೇ ಮಾಡೋಣ ಅಂತ ಕೂತೆ. ಬಿಸಿಲಿಗೆ ನಿಲ್ಲುತ್ತಾ ನೋಡೋಣ ಅಂತ ಬೆಳಗ್ಗೆಯೇ ಹೋದೆ, ನಿಂತಿತು. ನಿಧಾನ ಹೋದೆ, ನಿಂತಿತು. ಒಂದು ದಿನ ಎಲ್ಲೂ ಹೋಗದೆ ಮನೆ ಮುಂದೆಯೇ ಎಂಜಿನ್ ಹಾಕಿಕೊಂಡು ಕೂತೆ. ಅತ್ತೆ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದರು. "ಎಲ್ಗೂ ಓಗ್ದೆ ಯಾಕವ್ವ ಅಂಗೆ ಗುರ್ ಅನ್ನಿಸ್ತಾ ಕೂತಿದ್ದೀಯ?" ಅಂದರು. "ಯಾಕೆ ನಿಲ್ಲುತ್ತೆ ಅಂತ ನೋಡ್ತಿದ್ದೀನಿ ಅತ್ತೆ" ಅಂದೆ. ಅವರು ಮುಖ ಚಿಕ್ಕದು ಮಾಡಿಕೊಂಡು ಮತ್ತೆ ಸುಲಿಯೋಕೆ ಶುರು ಮಾಡಿದರು. ಅವತ್ತು ಕಾರು ನಿಲ್ಲಲೇ ಇಲ್ಲ. ನನಗೋ ತಲೆ ಕೆಟ್ಟು ಕೆರ ಹಿಡಿದುಹೋಯ್ತು.

ಆಗ ಇನ್ನೊಂದು ದಾರಿ ಹಿಡಿದೆ. ನಾನು ಮಾಡೋದು ಬಿಟ್ಟು, ಇವರು ಮಾಡೋದೇನು ಅಂತ ನೋಡಬೇಕು. ಭಾನುವಾರ ಪಕ್ಕದ ಸೀಟಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದೆ. "ಏನೇ ಹೊಸದಾಗಿ ಮದುವೆ ಆದೋಳ ಥರ ನೋಡ್ತಿದ್ದೀಯ?" ಅಂತ ಕಿಚಾಯಿಸಿದರು. ನೋಡಿದ್ದು ಮುಖವನ್ನಲ್ಲ, ಕಾಲನ್ನ. ನಿಜ ಹೇಳಬೇಕೆಂದರೆ ಅವರ ಕ್ಲಚ್ಚು ನನ್ನದಕ್ಕಿಂತ ಒರಟು. ಆದರೆ ಒಂದು ಚಾಳಿ ಕಣ್ಣಿಗೆ ಬಿತ್ತು. ಇವರು ಟ್ಯಾಂಕ್ ತುಂಬಿಸೋ ಜಾಯಮಾನದವರಲ್ಲ. ಹೊರಟಾಗಲೆಲ್ಲ ಮೊದಲು ಬಂಕಿಗೆ ಹೋಗಿ ಅವತ್ತಿಗೆ ಬೇಕಾದಷ್ಟು ಪೆಟ್ರೋಲ್ ಹಾಕಿಸಿಕೊಳ್ಳುತ್ತಾರೆ. ನಾನು ಬಂಕಿಗೆ ಹೋದವಳೇ ಅಲ್ಲ.

ಪೆಟ್ರೋಲ್ ಕಮ್ಮಿಯಾಗಿ ತಳದ ಕೊಳೆ ಎದ್ದು ಬರ್ತಿದೆ, ಅದಕ್ಕೇ ನಿಲ್ಲುತ್ತೆ ಅಂತ ಹೊಳೆದು ಖುಷಿಯೋ ಖುಷಿ. ಮುಂದಿನ ಸಲ ಹೊರಟಾಗ ನೇರ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿದೆ. ಯಾದವಗಿರಿಗೆ ಹೋಗಿ ಬಂದೆ, ಎಲ್ಲೂ ನಿಲ್ಲಲಿಲ್ಲ. ಗೆದ್ದೆ ಅಂದುಕೊಂಡೆ. ಎರಡು ದಿನ ಬಿಟ್ಟು ಮತ್ತೆ ಹೊರಟೆ. ಟ್ಯಾಂಕ್ ಹೆಚ್ಚುಕಮ್ಮಿ ತುಂಬೇ ಇತ್ತು, ಬಂಕಿಗೆ ಹೋಗಲಿಲ್ಲ. ನಂಬ್ತೀರೋ ಇಲ್ಲವೋ, ಅವತ್ತು ಅಗ್ರಹಾರದವರೆಗೂ ಹೋಗಲಿಲ್ಲ, ಇನ್ನೂ ಬೇಗ ನಿಂತುಹೋಯ್ತು! ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ಗಾಡಿ ತಳ್ಳಿಸಿ, ಸ್ಟೀರಿಂಗ್ ಮೇಲೆ ತಲೆ ಇಟ್ಟುಕೊಂಡು ಕೂತೆ. ಅಳು ಬಂತು. ಪೆಟ್ರೋಲ್ ಇದ್ದರೂ ನಿಲ್ಲುತ್ತೆ, ಇಲ್ಲದಿದ್ದರೂ ನಿಲ್ಲುತ್ತೆ. ಆದರೆ ಬಂಕಿಗೆ ಹೋಗಿ ಬಂದರೆ ನಿಲ್ಲಲ್ಲ. ಹಾಗಾದರೆ ಬಂಕಲ್ಲಿ ಪೆಟ್ರೋಲ್ ಹಾಕೋದು ಬಿಟ್ಟು ಇನ್ನೇನು ಮಾಡ್ತಾರೆ? ಎಂಜಿನ್ ಆರಿಸ್ತಾರೆ. ಮುಚ್ಚಳ ತೆಗೀತಾರೆ. ದಟ್ಟಗಳ್ಳಿಯ ಮೆಕ್ಯಾನಿಕ್ಕೂ ಮೊದಲು ಮಾಡಿದ್ದು ಅದೇ ತಾನೇ, ಮುಚ್ಚಳ ತೆಗೆದಿದ್ದು?

ಅಳು ಅಲ್ಲೇ ನಿಂತುಹೋಯ್ತು. ಕೀ ಕಿತ್ತುಕೊಂಡು ಇಳಿದು ಹಿಂದಕ್ಕೆ ಓಡಿದೆ. ಬೀಗ ತಿರುಗಿಸಿ ಮುಚ್ಚಳ ಎತ್ತಿದರೆ ಬರುತ್ತಿಲ್ಲ, ಒಳಗಿಂದ ಯಾರೋ ಹಿಡಿದು ಎಳೆಯುತ್ತಿದ್ದಾರೇನೋ ಅನ್ನೋ ಹಾಗೆ. ಗಟ್ಟಿಯಾಗಿ ಎಳೆದೆ. ಸುಯ್ಯ್ ಅಂತ ಉದ್ದಕ್ಕೆ ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಳ ಹಾಕಿ, ಬಂದು ಕೀ ತಿರುಗಿಸಿದೆ. ಮೊದಲ ಸಲಕ್ಕೇ ಹತ್ತಿಕೊಂಡಿತು. ಕಾಯಲಿಲ್ಲ, ಏನಿಲ್ಲ! ರಸ್ತೆ ಅನ್ನೋದೂ ಮರೆತು "ಹಂಗೆ ಬಾ ದಾರಿಗೆ!" ಅಂತ ಕಿರುಚಿದೆ. ಪಕ್ಕದಲ್ಲಿ ಹೂವು ಮಾರುತ್ತಿದ್ದವಳು ಬುಟ್ಟಿ ಎತ್ತಿಕೊಂಡು ದೂರ ಸರಿದಳು.

ವಿಷಯ ಇಷ್ಟೇ. ಎಣ್ಣೆ ಡಬ್ಬಕ್ಕೆ ನಾವು ಯಾವಾಗಲೂ ಎರಡು ತೂತು ಮಾಡ್ತೀವಲ್ಲ, ಒಂದು ಎಣ್ಣೆ ಬರೋಕೆ, ಇನ್ನೊಂದು ಗಾಳಿ ಹೋಗೋಕೆ. ಒಂದೇ ತೂತು ಮಾಡಿದರೆ ಎಣ್ಣೆ ಗುಳುಗುಳು ಅಂದು ನಿಂತುಹೋಗುತ್ತೆ. ಡಬ್ಬ ತುಂಬಿದ್ದಷ್ಟೂ ಅದರ ಹಠ ಜಾಸ್ತಿ. ಪೆಟ್ರೋಲ್ ಖಾಲಿಯಾದ ಹಾಗೆ ಟ್ಯಾಂಕಿನೊಳಕ್ಕೆ ಗಾಳಿ ಹೋಗಬೇಕು, ಅದಕ್ಕೇ ಈ ಹಳೇ ಮುಚ್ಚಳದಲ್ಲಿ ಬೀಗದ ಕಣ್ಣಿನ ಪಕ್ಕ ಒಂದು ಸಣ್ಣ ತೂತು ಇರುತ್ತೆ. ಆ ತೂತು ಮುಚ್ಚಿಹೋಗಿದ್ದರೆ ಎಂಜಿನ್ ಎಷ್ಟು ಎಳೆದರೂ ಪೆಟ್ರೋಲ್ ಬರಲ್ಲ. ಸರಿ, ಮುಚ್ಚಿದ್ದು ಏನು ಅಂತ ಮತ್ತೆ ಇಳಿದು ಹೋಗಿ ಬಗ್ಗಿ ನೋಡಿದೆ. ಮುಚ್ಚಳದ ಮೇಲೆ ಮೂರು ಬೆರಳಲ್ಲಿ ಎಳೆದ ವಿಭೂತಿ. ಇನ್ನೂ ಹಸಿ ಆರಿರಲಿಲ್ಲ. ಅದರ ನಡುವೆ ಒಂದು ಕುಂಕುಮದ ಬೊಟ್ಟು. ಅದರ ಕೆಳಗೆ ಹಳೇ ವಿಭೂತಿ ಪದರ ಪದರವಾಗಿ, ಒಣಗಿ ಬಿರುಕು ಬಿಟ್ಟು ಕೂತಿತ್ತು. ಒಣಗಿದ ಬಿರುಕಲ್ಲಿ ಗಾಳಿ ಹೋಗುತ್ತೆ, ಬಂಕಿನವರು ಕೈ ಹಾಕಿ ತಿರುಗಿಸಿದರೆ ಹಸಿಯೂ ಒರೆಸಿಹೋಗುತ್ತೆ, ಹೊಸದಾಗಿ ಹಚ್ಚಿ ಹಾಗೇ ಬಿಟ್ಟಾಗ ಮಾತ್ರ ತೂತು ಪೂರಾ ಬಂದ್.

ನಮ್ಮ ಮನೆಯಲ್ಲಿ ವಿಭೂತಿಗಟ್ಟಿ ನೀರಲ್ಲಿ ತೇಯ್ದು ಮೂರು ಬೆರಳಲ್ಲಿ ಎಳೆಯುವವರು ಒಬ್ಬರೇ, ಅತ್ತೆ. ನಾನು ಹೊರಡುವಾಗಲೆಲ್ಲ ಗೇಟು ತೆಗೆಯೋಕೆ ಬರುತ್ತಿದ್ದವರೂ ಅವರೇ. ನಾನು ಮುಂದೆ ಕೂತು ಸೀಟು, ಕನ್ನಡಿ ಅಂತ ಒದ್ದಾಡುತ್ತಿರುವಾಗ ಅವರು ಕಾರಿನ ಹಿಂದೆ ಹಾದು ಹೋಗುತ್ತಿದ್ದರು. ನಾನು ಎಡವೋದನ್ನ ನೋಡೋಕೆ ನಿಂತಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಈಗ ಅದಕ್ಕಿಂತ ಕೆಟ್ಟದ್ದೊಂದು ತಲೆಗೆ ಬಂತು. ಬೇಕು ಅಂತಲೇ ಮಾಡ್ತಿದ್ದಾರಾ? ಯಾದವಗಿರಿಗೆ ಹೋಗದೆ ಗಾಡಿ ತಿರುಗಿಸಿದೆ.

ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಮುಚ್ಚಳವನ್ನೇ ಬಿಚ್ಚಿಕೊಂಡು ಹೋಗಿ ಅವರ ಮುಖದ ಮುಂದೆ ಹಿಡಿದೆ. "ಅತ್ತೆ, ಇದನ್ನ ಹಚ್ಚಿದ್ದು ಯಾರು?"

ನನ್ನ ದನಿಗೆ ಅವರು ಬೆದರಿಹೋದರು. "ನಾನೇ ಕಣವ್ವ. ಬೈಬ್ಯಾಡ. ಮುಂದುಗಡೆ ಬಾನೆಟ್ಟಿಗೆ ಹಚ್ಚುದ್ರೆ ಬಣ್ಣ ಹಾಳಾಯ್ತದೆ ಅಂತ ಅವ್ನು ರೇಗ್ತಾನೆ, ಒರೆಸ್ಬುಡ್ತಾನೆ. ಅದ್ಕೇ ಅಲ್ಲಿ ಹಚ್ಚಿದ್ದು. ಗಾಡಿ ಉಣ್ಣೋ ಬಾಯಿ ಅಲ್ವಾ ಅದು."

"ಅವರು ಓಡಿಸುವಾಗ ಹಚ್ಚಲ್ಲ. ನಾನು ಹೋಗುವಾಗ ಮಾತ್ರ ಯಾಕೆ?"

"ಅವ್ನಿಗ್ಯಾಕೆ ಹಚ್ಲಿ? ಅವ್ನೆಲ್ಲಾರ ಓಗ್ಲಿ ನಂಗೇನೂ ಅನ್ಸಲ್ಲ." ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನ ಹಿಂಡುತ್ತಲೇ ಇದ್ದರು, ಅದರಲ್ಲಿ ಹಿಂಡೋಕೆ ನೀರೇ ಇರಲಿಲ್ಲ. "ನೀನು ಒಬ್ಳೇ ಓಯ್ತೀಯ. ಆ ಬಸ್ಸು, ಆ ಲಾರಿ. ನೀನು ತಿರ್ಗಿ ಬರೋಗಂಟ ನಂಗೆ ತುತ್ತು ಅನ್ನ ಇಳಿಯಲ್ಲ ಕಣವ್ವ. ಓಗ್ಬ್ಯಾಡ ಅಂದ್ರೆ ನೀನು ಕೇಳಲ್ಲ. ನಂಜುಂಡಪ್ಪನಿಗೆ ವಹಿಸ್ಬುಟ್ಟಿದ್ದೆ."

ನನ್ನ ಕೋಪ ಎಲ್ಲಿ ಹೋಯ್ತೋ. ಆದರೂ ವಿಷಯ ಹೇಳದೆ ಇರೋ ಹಾಗಿರಲಿಲ್ಲ. ಎಣ್ಣೆ ಡಬ್ಬದ ಎರಡು ತೂತಿನ ಲೆಕ್ಕದಲ್ಲೇ ಹೇಳಿದೆ, ಆದಷ್ಟು ಮೆತ್ತಗೆ ಹೇಳಿದೆ. ಅವರಿಗೆ ಅರ್ಧ ಮಾತಿಗೇ ಅರ್ಥವಾಗಿಹೋಯ್ತು. ಎಣ್ಣೆ ಡಬ್ಬದ ವಿಷಯದಲ್ಲಿ ನಮ್ಮತ್ತೆಗೆ ಯಾರು ಪಾಠ ಹೇಳಬೇಕು? ಬಟ್ಟೆ ಬಕೆಟ್ಟಿಗೆ ಬಿತ್ತು.

"ಅಂಗಾರೆ ಲಾರಿ ಬಸ್ಸು ಮಧ್ಯ ನಿನ್ನ ನಿಲ್ಲುಸ್ತಿದ್ದಿದ್ದು ನಾನೇನಾ?" ಅಂದರು. ನಾನು ಏನೇನೋ ಸಮಾಧಾನ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ದೇವರ ಮನೆಗೆ ಹೋಗಿ ಕೂತವರು ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ತಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕರೆದೆ, "ನೀನು ಉಣ್ಣವ್ವ" ಅಂದರು. ನನಗೂ ಉಣ್ಣೋಕೆ ಮನಸ್ಸಾಗಲಿಲ್ಲ. ಸೂಜಿ ತಗೊಂಡು ಕೂತು ಮುಚ್ಚಳದ ತೂತಿನಿಂದ ಗಟ್ಟಿಯಾದ ವಿಭೂತಿಯನ್ನ ಚೂರುಚೂರಾಗಿ ಬಿಡಿಸಿದೆ, ಉದುರಿದ ಪುಡಿಯನ್ನ ಎಸೆಯೋಕೆ ಮನಸ್ಸು ಬರದೆ ತುಳಸಿ ಬುಡಕ್ಕೆ ಹಾಕಿದೆ.

ಸಂಜೆ ಇವರು ಬಂದರು. ಅತ್ತೆಯ ಮಾತು ಎತ್ತಬಾರದು ಅಂತ ಮೊದಲೇ ಅಂದುಕೊಂಡಿದ್ದೆ. "ಗಾಡಿ ಯಾಕೆ ನಿಲ್ತಿತ್ತು ಗೊತ್ತಾಯ್ತು ಕಣ್ರೀ. ಮುಚ್ಚಳದ ತೂತಲ್ಲಿ ಕಸ ಕೂತಿತ್ತು, ತೆಗೆದಿದ್ದೀನಿ" ಅಂದೆ. ಇವರು ಶೂ ಬಿಚ್ಚುತ್ತಾ ನಕ್ಕರು. "ಕಸಾನಾ? ಸುಮ್ನಿರೇ. ನಾನು ಓಡ್ಸಿದಾಗ ಎಲ್ಲಿ ಹೋಗಿತ್ತಂತೆ ಆ ಕಸ? ಇವತ್ತೂ ರಸ್ತೇಲಿ ನಿಂತಿತ್ತಂತೆ, ನೋಡಿದೋರು ಹೇಳಿದ್ರು. ಈ ಭಾನುವಾರ ಗಾಡಿ ತಗೊಳ್ಳೋ ಆ ಮನುಷ್ಯನಿಗೆ ಬಂದು ನೋಡೋಕೆ ಹೇಳಿಬಿಟ್ಟಿದ್ದೀನಿ."

ನಾನು ಬಾಯಿ ತೆಗೆಯೋ ಮೊದಲೇ ದೇವರ ಮನೆಯಿಂದ ಅತ್ತೆ ಬಂದರು. ಮಗನ ಎದುರು ನೆಟ್ಟಗೆ ನಿಂತರು. ಅವರು ಹಾಗೆ ನಿಂತಿದ್ದನ್ನ ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಅದು ಕಸ ಅಲ್ಲ ಕಣೋ, ನನ್ನ ವಿಭೂತಿ. ಅವ್ಳು ಓಗುವಾಗೆಲ್ಲ ಹಚ್ತಿದ್ದೆ. ಅವ್ಳ ಕಾಲಲ್ಲಿ ಏನೂ ತಪ್ಪಿಲ್ಲ, ತಪ್ಪಿದ್ದಿದ್ದು ನನ್ನ ಕೈಲಿ. ನೀನು ಅವ್ಳ ನೋಡಿ ನಗ್ತಿದ್ದಾಗೆಲ್ಲ ನಾನು ಸುಮ್ನೆ ಕೂತಿದ್ದೆ. ಆ ಮನುಷ್ಯನಿಗೆ ಬರ್ಬ್ಯಾಡ ಅನ್ನು. ಗಾಡಿ ಮಾರ್ಕೂಡ್ದು."

ಇವರು ಒಂದು ಕಾಲಲ್ಲಿ ಶೂ ಇಟ್ಟುಕೊಂಡೇ ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಫೋನ್ ತೆಗೆದುಕೊಂಡು ಹೊರಗೆ ಹೋದರು. ಒಳಗೆ ಬಂದಾಗ "ಬರಬೇಡಿ ಅಂದೆ" ಅಂತಷ್ಟೇ ಹೇಳಿ ನೀರು ಕೇಳಿದರು. ತಪ್ಪಾಯ್ತು ಅನ್ನೋ ಮಾತು ನಮ್ಮ ಮನೆ ಗಂಡಸರ ಬಾಯಲ್ಲಿ ಬರೋಕೆ ಇನ್ನೂ ಕಾಲ ಬೇಕು. ನೀರು ಕೊಟ್ಟೆ.

ಯಾದವಗಿರಿಗೆ ಮತ್ತೆ ಹೊರಟಿದ್ದು ಎರಡು ದಿನ ಬಿಟ್ಟು. ರವಿಕೆಗಳನ್ನ ಹಿಂದಿನ ಸೀಟಲ್ಲಿ ಹಾಸಿ, ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿದೆ. ಕನ್ನಡಿಯಲ್ಲಿ ಗೇಟು ಆಗಲೇ ತೆಗೆದಿತ್ತು, ಅತ್ತೆ ಕಾಣಲಿಲ್ಲ. ನನ್ನ ಮೇಲಿನ ಬೇಜಾರಿಗೆ ಒಳಗೇ ಇದ್ದಾರೇನೋ ಅಂದುಕೊಂಡೆ, ಮನಸ್ಸಿಗೆ ಪಿಚ್ಚೆನ್ನಿಸಿತು. ಅಷ್ಟರಲ್ಲಿ ಎಡಗಡೆ ಬಾಗಿಲು ತೆರೆದುಕೊಂಡಿತು. ಮದುವೆ ಮುಂಜಿಗೆ ಉಡೋ ಸೀರೆ ಉಟ್ಟುಕೊಂಡು, ಚಪ್ಪಲಿ ಹಾಕಿಕೊಂಡು ಅತ್ತೆ ನಿಂತಿದ್ದರು. ಮಗ ಓಡಿಸುವಾಗಲೂ ಹಿಂದಿನ ಸೀಟು ಬಿಟ್ಟು ಕೂತವರಲ್ಲ. ಸೆರಗು ಒಳಕ್ಕೆ ಎಳೆದುಕೊಂಡು ನನ್ನ ಪಕ್ಕ ಕೂತು, ಎರಡು ಕೈಯಲ್ಲೂ ಮುಂದಿನ ಡ್ಯಾಶ್‌ಬೋರ್ಡು ಗಟ್ಟಿಯಾಗಿ ಹಿಡಿದುಕೊಂಡರು.

"ಎಲ್ಲಿಗೆ ಅತ್ತೆ?" ಅಂದೆ.

"ಎಲ್ಗಾರ ಓಗು. ಹಚ್ಚಂಗಿಲ್ಲ ಅಂದ್ಮೇಲೆ ನಾನೇ ಬತ್ತೀನಿ" ಅಂದರು. ಕಣ್ಣು ರಸ್ತೆ ಮೇಲೆಯೇ ಇತ್ತು. "ಆಗೋದಿದ್ರೆ ಇಬ್ರಿಗೂ ಆಗ್ಲಿ. ನಡಿ."

ನಾನು ಗೇರ್ ಹಾಕಿದೆ.